ಎರಡು ಗುಂಡಿ

"ಬಲ್ಬು ಉರೀತಾ ಅದಲ್ಲ, ಇನ್ನೇನ್ ನೋಡೀಯವ್ವ?"
ಪಾಂಡವಪುರದಾಚೆಯ ಆಲೆಮನೆ,
ಬಾಗಿಲಲ್ಲೇ ಜವರಣ್ಣನ ತಕರಾರು.
ನಾನು ಮೆಗ್ಗರ್ ಕೆಳಗಿಟ್ಟೆ.
ಕಬ್ಬಿನ ಹಾಲು ಚೆಲ್ಲಿ ನೆಲವೆಲ್ಲ ಅಂಟು,
ಕೊಪ್ಪರಿಗೆಯ ಸುತ್ತ ಬರಿಗಾಲುಗಳು.

ಉರಿಯುವುದು ಬೇರೆ ಜವರಣ್ಣ,
ಉಳಿಸುವುದು ಬೇರೆ.

ಸ್ವಿಚ್ಚು ಇಳಿಸಿ, ಮೋಟರಿನ ವೈರು ಬಿಚ್ಚಿ
ಹಿಡಿ ತಿರುಗಿಸಿದೆ.
ಹೋದ ಯುಗಾದಿಗೆ ಇಪ್ಪತ್ತು ಮೆಗಾಓಮ್,
ಈಗ ಅರ್ಧವೂ ಇಲ್ಲ.
ಒಂದು ಮಳೆಗಾಲ, ಎರಡು ಇಲಿ,
ಹಗಲಿರುಳು ಬೆಲ್ಲದ ಹಬೆ, ಅಷ್ಟು ಸಾಕು.
ಕರೆಂಟು ಹೇಳಿ ಕೇಳಿ ಸೋರುವುದಿಲ್ಲ.

ಹಿತ್ತಿಲಲ್ಲಿ ಅರ್ತಿಂಗ್ ಗುಂಡಿ.
ಮೇಲೆ ಬೆರಣಿ ಒಟ್ಟಿದ್ದರು, ಸರಿಸಿದೆ.
ಉಪ್ಪಿಲ್ಲ, ಇದ್ದಿಲಿಲ್ಲ, ಬಾಯಿಬಿಟ್ಟ ಮಣ್ಣು.
ಇಪ್ಪತ್ತು ಮಾರು ಆಚೆ ನಾಲೆ ತುಂಬಿ ಹರಿಯುತ್ತಿದೆ;
ಇದಕ್ಕೊಂದು ಕೊಡ ಸುರಿದವರಿಲ್ಲ.

ಬೋರ್ಡಿನಲ್ಲಿ ಇನ್ನೊಂದು ಗುಂಡಿ, ಹಳದಿಯದು,
ತಿಂಗಳಿಗೊಮ್ಮೆ ಒತ್ತಬೇಕಾದದ್ದು.
ಅದರ ಮೇಲೆ ಆರು ಆಯುಧಪೂಜೆಯ ಕುಂಕುಮ.
ಉಗುರಿನಿಂದ ಕೆರೆದು ಒತ್ತಿದೆ.
ಏನೂ ಆಗಲಿಲ್ಲ.

"ಏನೂ ಆಗ್ನಿಲ್ವಲ್ಲ, ಒಳ್ಳೇದಲ್ವಾ?"
"ಆಗಬೇಕಿತ್ತು. ಟಪ್ಪೆಂದು ಬೀಳಬೇಕಿತ್ತು.
ಜೀವ ಹೋಗುವಾಗಲೂ ಇದು ಹೀಗೇ ಕೂತಿರುತ್ತೆ."

ಆಗ, ಗಾಣಕ್ಕೆ ಕಬ್ಬು ಕೊಡುವ ಕೆಂಡಗಣ್ಣ
ಅಂಗೈ ನೋಡಿಕೊಳ್ಳುತ್ತಾ ಹೇಳಿದ:
"ಮೂರ್ ದಿನದಿಂದ ಮೋಟರ್ ಮುಟ್ಟುದ್ರೆ
ಜುಂ ಅಂತಿತ್ತಕ್ಕ. ಚಳಿಗೇನೋ ಅಂದ್ಕಂಡೆ."

ಯಾರೂ ಮಾತಾಡಲಿಲ್ಲ.
ಜವರಣ್ಣನ ಬೀಡಿ ಬೆರಳಲ್ಲೇ ಆರಿತ್ತು.

ಮೇನ್ ಇಳಿಸಿದೆ. ಆ ಬಲ್ಬೂ ಹೋಯಿತು.
ಮಬ್ಬಿನಲ್ಲಿ, ಗೋಡೆ ತಡವುತ್ತಾ,
ಜವರಣ್ಣ ಕೊಡ ಹುಡುಕುತ್ತಿದ್ದರು.