ವೈರು ಸರಿಯಾಗೈತೆ

ಮೇಲಿನ ಮನೆಯ ತಬ್ರೇಜ್ ಎರಡು ಡಬ್ಬ ಹಿಡಿದು ಬಂದ,
ಶನಿವಾರ, ಮಧ್ಯಾಹ್ನದ ಅನ್ನ ಇಳಿಯುವ ಹೊತ್ತು.
"ಆಂಟಿ, ನಿಮ್ಮ ಕಿವಿ ಬೇಕಿತ್ತು, ಒಂದರ್ಧ ಗಂಟೆ,"
ಕಾಫಿಪುಡಿ ಕಡ ಕೇಳುವ ಹಾಗೆ.

ನನ್ನ ಕಿವಿಗೆ ಗುತ್ತಲು ರಸ್ತೆಯಲ್ಲಿ ಹೆಸರಿದೆ.
ಇಪ್ಪತ್ತೆಂಟು ವರ್ಷ ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಎಡಗಿವಿಗೆ ಕರಿ ಬಿಲ್ಲೆ, ನೆತ್ತಿಗೆ ಉಕ್ಕಿನ ಪಟ್ಟಿ,
ಎದುರಿಗೆ ತೂತುಗಳ ಹಲಗೆ.
ಪಟ್ಟಿ ಕೂತ ಜಾಗದಲ್ಲಿ ಕೂದಲು ಇವತ್ತಿಗೂ ಏಳುವುದಿಲ್ಲ.
ಎಣ್ಣೆ ಹಚ್ಚುವಾಗ ತಂಗಿ ಕೇಳುತ್ತಾಳೆ,
ಇದೇನಕ್ಕ, ವೀಸಿ ನಾಲೆಯಾ?

ಮೊದಲನೆಯದು ದಪ್ಪ ಚರ್ಮದ್ದು, ಬೆನ್ನು ಮುಚ್ಚಿದ್ದು.
ಹಾಕಿದೊಡನೆ ಊರು ಮುಳುಗಿತು:
ಕಬ್ಬಿನ ಟ್ರಾಕ್ಟರ್ ಇಲ್ಲ, ಎದುರುಮನೆ ಕುಕ್ಕರ್ ಇಲ್ಲ,
ನಾನು ಎಂಜಲು ನುಂಗಿದ ಸದ್ದೊಂದೇ,
ಬಾವಿಗೆ ಬಿದ್ದ ಕೊಡದ ಹಾಗೆ.
ಆಮೇಲೆ ಡೋಲು.
ಅಬ್ಬ, ಎದೆಗೂಡಿಗೇ ಬಂದು ಮಣೆ ಹಾಕಿಕೊಂಡು ಕೂತಿತು.
"ಬೇಸ್ ಹೇಗಿದೆ ಆಂಟಿ?"
"ಬೇಸು ಬೇಷಾಗೈತೆ ಕಣಪ್ಪ. ಓಲೆ ತಿರುಪು ಚುಚ್ತದೆ,
ಕನ್ನಡಕದ ಕಡ್ಡಿ ಬುರುಡೆ ಕೊರೀತದೆ."
ಹತ್ತು ನಿಮಿಷಕ್ಕೆ ಎರಡು ಕಿವಿಯೂ
ಕಡಲೆಕಾಯಿ ಬೇಯಿಸಿದ ಪಾತ್ರೆ.
ಕೆಲವು ನೆಂಟರ ಮನೆ ಹೀಗೇ:
ಊಟ ಚೆನ್ನ, ಉಳಿಯಲಿಕ್ಕಾಗದು.

ಎರಡನೆಯದಕ್ಕೆ ಬೆನ್ನೇ ಇಲ್ಲ, ಬರೀ ಜರಡಿ.
ಮೆತ್ತೆ ಹಳೇ ಪಂಚೆಯಷ್ಟು ಮೆದು.
ತಲೆಯ ಮೇಲೆ ಇದೆಯೋ ಇಲ್ಲವೋ ಎಂದು
ಎರಡು ಸಲ ಮುಟ್ಟಿ ನೋಡಿಕೊಂಡೆ.
ಕುಕ್ಕರ್ ಮೂರನೇ ಸಲ ಕೂಗಿದ್ದು ಕೇಳಿಸಿತು,
ಅದರ ಪಕ್ಕದಲ್ಲೇ ನಾಗಸ್ವರದವನು ಬಂದು ನಿಂತ.
ಊದುವ ಮುಂಚೆ ಉಸಿರೆಳೆದುಕೊಂಡ.

ಅದು.
ಮೊದಲನೆಯದರಲ್ಲಿ ಸ್ವರ ಇತ್ತು, ಈ ಉಸಿರು ಇರಲಿಲ್ಲ.

ಉಸಿರು ನನಗೆ ಗೊತ್ತು.
ನಾಗಮಂಗಲದಿಂದ ಟ್ರಂಕಾಲ್ ಮಾಡಿ "ಹಲೋ" ಅಂದವರು
ಮುಂದಿನ ಮಾತಿಗೆ ಮೊದಲು ಉಸಿರು ಹಿಡಿದರೆ ಸಾವು,
ಬಿಟ್ಟರೆ ಹೆರಿಗೆ,
ನುಂಗಿದರೆ ದುಡ್ಡು.
ಲೈನು ಕೊಟ್ಟು ಕೈ ತೆಗೆಯುವಷ್ಟರಲ್ಲಿ ತಿಳಿದಿರುತ್ತಿತ್ತು ನನಗೆ,
ಆ ಮನೆಯವರಿಗಿಂತ ಒಂದು ಗಳಿಗೆ ಮುಂಚೆ.
ಯಾರಿಗೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ.

"ಈಗ ಎಡಗಡೆ ಗಮನ ಇಡಿ, ತಾಳ ಬರುತ್ತೆ," ಅಂದ.
ಕಾದೆ.
"ಬಂತಾ?"
"ಇಲ್ಲ. ವೈರು ಕಿತ್ತಿರಬೇಕು ನೋಡು."
ಪಿನ್ನು ಎಳೆದ, ಊದಿದ, ಒತ್ತಿದ,
ತಾನೇ ಹಾಕಿಕೊಂಡು ಕೇಳಿದ.
ತಾಳ ನನಗೆ ಅವನ ಮುಖದಲ್ಲಿ ಕಾಣಿಸಿತು,
ರೆಪ್ಪೆ ಅದಕ್ಕೇ ಬಡಿಯುತ್ತಿತ್ತು.
ಏನೂ ಅನ್ನದೆ ಹಿಂದುಮುಂದು ತಿರುಗಿಸಿ ನನ್ನ ತಲೆಗಿಟ್ಟ.
ಬಂತು, ಬಲಗಿವಿಗೆ, ಪುಟ್ಟ ಹಿತ್ತಾಳೆ ತಾಳ,
ನಿಂಬೆಹಣ್ಣಿನ ಹುಳಿಯಷ್ಟು ಚುರುಕು.
ಎಡಗಡೆ ಮಾತ್ರ
ಶಿಫ್ಟು ಮುಗಿದ ಎಕ್ಸ್‌ಚೇಂಜು.

ಅವನು ಡಬ್ಬದ ಮುಚ್ಚಳ ಹುಡುಕತೊಡಗಿದ.
ಮುಚ್ಚಳ ಎದುರಿಗೇ ಇತ್ತು.
"ವೈರು ಸರಿಯಾಗೈತೆ ಬುಡು," ಅಂದೆ,
"ಲೈನು ಹಳೇದು."

ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಅಂಕ ಬರೆದುಕೊಟ್ಟೆ:
ಮೊದಲನೆಯದು, ಸದ್ದಿಗೆ ಒಂಬತ್ತು, ಕಿವಿಗೆ ನಾಲ್ಕು.
ಎರಡನೆಯದು, ಕಿವಿಗೆ ಒಂಬತ್ತೂವರೆ.
ಸದ್ದು ಅರ್ಧವೇ ಕೇಳಿದ್ದೇನೆ, ಮಿಕ್ಕರ್ಧದ ಅಂಕ
ನೀನೇ ಹಾಕಿಕೊ.

ಹೊರಡುವಾಗ ಎರಡನೆಯದನ್ನು ಮೇಜಿನ ಮೇಲೆ ಮರೆತು ಹೋದ.
ಮರೆಯುವ ಹುಡುಗನಲ್ಲ.

ದೀಪ ಹಚ್ಚಿದ ಮೇಲೆ ಅದನ್ನು ತಿರುಗಿಸಿ ಹಾಕಿಕೊಂಡೆ.
ಪಿನ್ನು ಯಾವುದಕ್ಕೂ ಚುಚ್ಚಿರಲಿಲ್ಲ.
ಜರಡಿಯಲ್ಲಿ ಬೀದಿ ಸೋಸಿ ಸೋಸಿ ಬರುತ್ತಿತ್ತು:
ಸೈಕಲ್ಲು, ಸೊಪ್ಪಿನವಳು ಚಿಲ್ಲರೆ ಎಣಿಸಿದ್ದು,
ಯಾರೋ ಯಾರನ್ನೋ ಕರೆಯುವ ಮುಂಚಿನ ಉಸಿರು.
ಬೆರಳು ತಾನಾಗಿ ಇಲ್ಲದ ಗುಂಡಿ ಹುಡುಕಿತು.
"ಮಂಡ್ಯ," ಅಂದೆ, ಮೆಲ್ಲಗೆ,
"ಮಾತಾಡಿ."