ಕುಜಾ

ಗಂಡಸರು ಈ ಕೆಂಪು ಗೆರೆ ದಾಟುವಂತಿಲ್ಲ.
ಅದಕ್ಕೇ ಅವನು, ಹೆರಾತಿನ ಹುಮಾಯೂನ್,
ಕಾರೇಕೆರೆ ಕೃಷಿ ಕಾಲೇಜಿನಲ್ಲಿ
ಆಲೂಗಡ್ಡೆಯ ಅಂಗಮಾರಿ ಓದುವವನು,
ಹೆಂಡತಿಗೆ ಒಂಬತ್ತು ತುಂಬುವ ಮೊದಲೇ
ತನ್ನ ಭಾಷೆಯನ್ನು ನನ್ನ ಕೈಗೆ ಒಪ್ಪಿಸಲು ಬಂದ.

ಹಾಸನದ ದೊಡ್ಡಾಸ್ಪತ್ರೆ ಗೇಟಿನೆದುರು
ಕ್ಯಾಂಟೀನಿನಲ್ಲಿ ಮೂರು ಸಂಜೆ.
ಅವನು ಹೇಳುವುದು, ನಾನು ಕನ್ನಡದಲ್ಲಿ ಗೀಚುವುದು.
ತಬ್, ಜ್ವರ. ನಫಸ್, ಉಸಿರು.
ನತರ್ಸ್, ಹೆದರಬೇಡ.
ಜಖಂ ಅಂದರೆ ಗಾಯವಂತೆ.
ನಮ್ಮಲ್ಲಿ ಅದು ಬಸ್ಸಿಗಾಗುವುದು, ಶಿರಾಡಿ ಘಾಟಿಯಲ್ಲಿ.
ಖೂನ್, ಖೂನ್ ಎಂದು ಬಾಯಿಪಾಠ ಮಾಡುವಾಗ
ಪಕ್ಕದ ಮೇಜಿನ ಹೋಂಗಾರ್ಡು
ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.
ರಕ್ತ ಕಣಣ್ಣ, ಬರೀ ರಕ್ತ, ಅಂದೆ.

ದರ್ದ್ ಅಂದ. ಅದು ನನಗೆ ಗೊತ್ತು ಅಂದೆ.
ಗೊತ್ತಿರಲಿಲ್ಲ.
ನಾವು ಬೇಕು ಎನ್ನುವಲ್ಲಿ ಅವರಿಗೆ ನೋವು.

ಆಮೇಲೆ ಇಡೀ ವಾಕ್ಯ ಹೇಳಿಕೊಟ್ಟ:
ಕುಜಾ ದರ್ದ್ ಮೀಕುನದ್?
ಎಲ್ಲಿ ನೋಯುತ್ತದೆ?
ಇಲ್ಲಿ ಪೆನ್ನು ನಿಂತಿತು.
ಕುಜ ನನಗೆ ಹಳೆಯ ಪರಿಚಯ.
ಏಳನೇ ಮನೆಯಲ್ಲಿ ಕಾಲು ಚಾಚಿ ಕೂತವನು,
ಅರಕಲಗೂಡಿನಿಂದ ಹೋದ ಹನ್ನೊಂದು ಜಾತಕ
ಅದೇ ಕವರಿನಲ್ಲಿ ಹಿಂದೆ ಬರುವಂತೆ ಮಾಡಿದವನು.
ಅರಿಶಿನ ಹಚ್ಚಿ ಬಾಳೆಗಿಡಕ್ಕೆ ಕೊಟ್ಟು
ಮದುವೆ ಮಾಡಿದರೆ ಹೋಗುತ್ತಾನೆ ಎಂದಿದ್ದರು.
ಗಿಡ ಗೊನೆ ಹಾಕಿತು, ಅವನು ಹೋಗಲಿಲ್ಲ.
ಮೂವತ್ತಾರು ವರ್ಷ ಕಳೆದು ಈಗ ನೋಡಿದರೆ
ಎಲ್ಲಿ, ಅಷ್ಟೇ ಅವನ ಅರ್ಥ.
ಎಲ್ಲಿ ಎಂದು ಒಬ್ಬರಾದರೂ ಕೇಳಿದ್ದರೆ
ತೋರಿಸುತ್ತಿದ್ದೆನೇನೋ.
ಸಿಸ್ಟರ್, ಬರಕೊಂಡಿರಾ? ಅಂದ.
ಬರಕೊಂಡೆ.

ಶಕೀಬಾ ಬಂದದ್ದು ರಾತ್ರಿ ಎರಡಕ್ಕೆ.
ಆಟೋ ಸೀಟು ಒದ್ದೆ, ಚಪ್ಪಲಿ ಒಂದೇ.
ನಾನು ಪರೀಕ್ಷೆಗೆ ಕೂತವಳ ಹಾಗೆ
ಗಂಟಲು ಸರಿಮಾಡಿಕೊಂಡು ಕೇಳಿದೆ:
ಕುಜಾ ದರ್ದ್ ಮೀಕುನದ್?
ಹೆರಿಗೆ ನೋವು ತಿನ್ನುತ್ತಿರುವವಳನ್ನು
ಎಲ್ಲಿ ನೋವು ಎಂದು ಕೇಳಿದ ಮೊದಲ ನರ್ಸು ನಾನೇ ಇರಬೇಕು.
ಅವಳು ಕಣ್ಣರಳಿಸಿದಳು.
ಆಮೇಲೆ ಮಾತು ಹರಿಯಿತು, ಗೊರೂರಿನಲ್ಲಿ ಗೇಟು ತೆಗೆದಂತೆ,
ಹೊಟ್ಟೆ, ಸೊಂಟ, ತಾಯಿ, ದೇವರು, ಯಾವುದೋ ಬೆಟ್ಟ,
ಏನಿತ್ತೋ ಅದರಲ್ಲಿ.
ಒಂದಕ್ಷರ ತಿಳಿಯಲಿಲ್ಲ.
ಮೂರು ಸಂಜೆ ಕೂತು ಪ್ರಶ್ನೆ ಕಲಿತಿದ್ದೆ,
ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ.

ನೋಟ್‌ಬುಕ್ಕು ಎಲ್ಲೋ ಟ್ರೇ ಕೆಳಗೆ.
ತಲೆ ಕಾಣುವ ಹೊತ್ತಿಗೆ
ಹೊಸದಾಗಿ ಕಲಿತದ್ದೆಲ್ಲ ಬೆವರಲ್ಲಿ ತೊಳೆದುಹೋಗಿ
ನಾಲಿಗೆಗೆ ಸಿಕ್ಕಿದ್ದು ಒಂದೇ:
ಜೋರು! ಜೋರು ಕಣವ್ವ, ಇನ್ನೂ ಜೋರು!
ಅದು ನಮ್ಮಜ್ಜಿಯ ಬಾಯಿಂದ ಬಂದದ್ದೋ
ಅವನು ಬರೆಸಿದ್ದೋ, ಯೋಚಿಸಲು ಪುರುಸೊತ್ತಿರಲಿಲ್ಲ.
ಅವಳಿಗಂತೂ ತಿಳಿಯಿತು.

ದುಖ್ತರ್, ಅಂದೆ, ಕೂಸನ್ನೆತ್ತಿ ತೋರಿಸಿ.
ಆಯಾ ದ್ಯಾವಮ್ಮ ಬಟ್ಟೆ ಸುತ್ತುತ್ತ,
ಹುಟ್ಟಿದ ಗಳಿಗೆಗೇ ಡಾಕ್ಟರಾ? ಭೇಷ್, ಅಂದಳು.
ನಾನು ತಿದ್ದಲಿಲ್ಲ.
ಗೆರೆಯಾಚೆ ಹುಮಾಯೂನ್
ಎರಡು ಕೈಯಲ್ಲೂ ಅವಳ ಒಂದೇ ಚಪ್ಪಲಿ ಹಿಡಿದು ನಿಂತಿದ್ದ.

ಮಾರನೇ ವಾರ ಹೊರರೋಗಿ ಸಾಲಿನಲ್ಲಿ
ದುದ್ದದ ಕಡೆಯ ಒಬ್ಬ ಮುದುಕಿ.
ನಿದ್ದೆಗಣ್ಣಲ್ಲಿ ಬಾಯಿಗೆ ಬಂದದ್ದು
ಕುಜಾ ದರ್ದ್.
ನಂಗೇನವ್ವ ದರ್ದು ಇಲ್ಲಿಗೆ ಬರಾಕೆ,
ಮಗ ಎಳಕೊಂಡು ಬಂದ ಕಣೆ, ಅಂದಳು ಸಿಡುಕಿ.
ಕೈ ಮಾತ್ರ ಆಗಲೇ ಸೊಂಟದ ಎಡಕ್ಕೆ ಹೋಗಿ
ಅಲ್ಲೇ ಒತ್ತಿಕೊಂಡು ನಿಂತಿತ್ತು.