ಹಸಿರು ಬಾವುಟ

ಅಪ್ಪನ ಬಿಳಿ ಕೋಟು ಅಂಗಡಿಯದೇ.
ವಾರವೆಲ್ಲ ಕುರಿ ಕಡಿಯುವಾಗ ತೊಟ್ಟದ್ದನ್ನು
ಒಗೆಸಿ, ಭಾನುವಾರ ತೊಟ್ಟು
ಗೋಲುಕಂಬದ ಪಕ್ಕ ನಿಲ್ಲುತ್ತಿದ್ದ.
ಕಾಲಬುಡದಲ್ಲಿ ಎರಡು ಬಾವುಟ:
ಅಡ್ಡಪಟ್ಟಿಯ ಮೇಲೆ ಹಾರಿದರೆ ಬಿಳಿ, ಒಂದು ಅಂಕ;
ಕೆಳಗೆ ನುಗ್ಗಿದರೆ ಹಸಿರು, ಮೂರು.
ಇಷ್ಟೇ ಅವನ ಧರ್ಮಶಾಸ್ತ್ರ.

ನಾವು ಯಾರ ಕಡೆಯೂ ಅಲ್ಲ, ಸೇತುವೆ ಪಕ್ಕದವರು.
ಆಚೆ ದಡ ಡ್ರಮ್‌ಕೀಲ, ಈಚೆ ದಡ ಬಾಲಿಫಾರ್ನ.
ಎರಡಕ್ಕೂ ಸ್ಮಶಾನ ಒಂದೇ, ಕಸಾಯಿ ಅಂಗಡಿಯೂ ಒಂದೇ.

ಆ ಫೈನಲ್ಲಿಗೆ ನಾನೂ ಹೋಗಿದ್ದೆ. ಹನ್ನೊಂದು ವರ್ಷ,
ಕಿಸೆಯಲ್ಲಿ ಅಪ್ಪಚ್ಚಿಯಾದ ಮೊಟ್ಟೆಯ ಸ್ಯಾಂಡ್‌ವಿಚ್ಚು.
ಅಟ್ಲಾಂಟಿಕ್‌ನಿಂದ ಗಾಳಿ ಟಿಕೆಟ್ಟಿಲ್ಲದೆ ಒಳಗೆ ಬಂದು
ಚೆಂಡನ್ನು ಎರಡು ಸಲ ಪಾದ್ರಿಯ ಎಲೆಕೋಸಿನ ಮಡಿಗೆ ಒಗೆಯಿತು.

ಕೈಯೂ ಕಾಲೂ ನಡೆಯುವ ಆಟ ನಮ್ಮದು.
ಅವತ್ತು ಹತ್ತೇ ನಿಮಿಷಕ್ಕೆ
ಚೆಂಡು ಯಾರಿಗೂ ಬೇಡವಾಯಿತು.
ಮೊಣಕೈ ಮಾತಾಡಿತು; ಹಣೆ ಉತ್ತರ ಕೊಟ್ಟಿತು.
ಹಾಲಿನ ವ್ಯಾನಿನ ಓರನ್ ಡೆವೆನಿ
ಮಂಡಿಯೂರಿ ಹುಲ್ಲಿನಲ್ಲಿ ತನ್ನ ಹಲ್ಲು ಹುಡುಕುತ್ತಿದ್ದ,
ಕಳೆದ ಉಂಗುರ ಹುಡುಕುವವನ ಹಾಗೆ, ಸಾವಧಾನವಾಗಿ.
ಅದನ್ನು ಉದುರಿಸಿದ ಮುಷ್ಟಿ ಅವನ ಸ್ವಂತ ಭಾವನದು.
ಇಬ್ಬರನ್ನೂ ರೆಫರಿ ಹೊರಗಟ್ಟಿದ. ಆಮೇಲೆ ಮೂರನೆಯವನನ್ನು.
ನಾಲ್ಕನೆಯವನು ಹೋಗಲು ಒಪ್ಪಲಿಲ್ಲ.

ಮಧ್ಯಂತರದಲ್ಲಿ ಬಟ್ಟೆ ಬದಲಿಸುವ ಕೋಣೆಗಳ ಓಣಿಯಲ್ಲಿ
ಏನು ನಡೆಯಿತೆಂದು ಹೊಕ್ಕವರೆಲ್ಲ ಬಲ್ಲರು.
ಇವತ್ತಿನವರೆಗೆ ಒಬ್ಬನೂ ಬಾಯಿ ಬಿಟ್ಟಿಲ್ಲ.
ಬಲ್ಬು ಒಡೆದಿತ್ತು, ಅಷ್ಟು ನಿಜ.

ಒಂದು ಕಾಸೂ ಹುಟ್ಟದ ಆಟ.
ಸೋಮವಾರ ಬೆಳಗ್ಗೆ ಮತ್ತೆ ಅದೇ ಹಸು, ಅದೇ ಕರಿಹಲಗೆ,
ಅದೇ ಅಂಚೆಯ ಚೀಲ, ಊದಿದ ಕಣ್ಣು.
ಹಾಗಾದರೆ ಯಾತಕ್ಕೆ?
ಸೇತುವೆಯ ಮೇಲೆ ನಿಂತು ಕೇಳಬೇಡಿ.

ಐವತ್ತೆಂಟನೆಯ ನಿಮಿಷ. ಡ್ರಮ್‌ಕೀಲ ಎರಡು ಅಂಕ ಮುಂದೆ.
ದೂರದ ಗೋಲಿನ ಬಳಿ ಇಪ್ಪತ್ತು ಜನ ಒಂದೇ ಗಂಟಾಗಿದ್ದರು,
ಬೇಲಿ ಹಾರಿ ಬಂದವರು ಬೇರೆ; ಕೊಡೆಗಳು,
ಯಾವುದೋ ಅಜ್ಜಿಯ ಕೈಚೀಲ, ಒಂದು ನಾಯಿ.
ಈ ಕಡೆ, ಎಲ್ಲರೂ ಮರೆತಿದ್ದ ಹುಡುಗ,
ಬಾಲಿಫಾರ್ನದ ಫಿಯಾಕ್ರ ಲಾವೆಲ್, ಬಡಕಲು,
ಚೆಂಡನ್ನು ಒಮ್ಮೆ ನೆಲಕ್ಕೆ, ಒಮ್ಮೆ ಕಾಲ್ಬೆರಳಿಗೆ ತಟ್ಟುತ್ತ
ಒಬ್ಬನೇ ಬಂದ.
ಗೋಲು ಕಾಯಬೇಕಾದವನು ಜಗಳಕ್ಕೆ ಹೋಗಿದ್ದ.
ಒದೆಯಲೂ ಇಲ್ಲ ಅವನು.
ನಿದ್ದೆಹೋದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ
ಪಾದದ ಒಳಮೈಯಿಂದ ಗೆರೆ ದಾಟಿಸಿದ.
ಅಪ್ಪ ಹಸಿರು ಬಾವುಟ ಎತ್ತಿದ.
ಕಂಡವರು ಮೂವರು:
ಅಪ್ಪ, ಆ ಹುಡುಗ, ನಾನು.

ಮೊದಲೇ ಸೀಟಿ ಊದಿತ್ತು ಎಂದರು ಅವರು.
ಊದಿರಲಿಲ್ಲ ಎಂದರು ಇವರು.
ಕಪ್ಪು ಈಚೆ ದಡಕ್ಕೆ ಬಂತು,
ಹಿಡಿಯೊಂದು ಮುರಿದು.

ಅವತ್ತು ರಾತ್ರಿ ಅಮ್ಮ ಕೋಟನ್ನು ಬಕೆಟ್ಟಿಗೆ ಅದ್ದಿದಳು.
ಕುರಿಯದು ಯಾವುದು, ಮನುಷ್ಯರದು ಯಾವುದು,
ತಿಳಿಯಲಿಲ್ಲ.
ನಾನು ಕೆಟಲ್ ತಂದೆ. ಕೈ ಹಿಡಿದು ತಡೆದಳು:
'ತಣ್ಣೀರು. ಬಿಸಿ ಹೊಯ್ದರೆ ರಕ್ತ ಕೂತುಬಿಡುತ್ತದೆ.'
ಸೀಟಿ ಕೇಳಿಸಿತ್ತಾ ಅಪ್ಪ?
ಬೂಟಿನ ದಾರ ಬಿಚ್ಚುತ್ತ ಅವನೆಂದ,
'ಗಾಳಿ ಜೋರಿತ್ತು.'

ಆಚೆ ದಡದವರು ನಮ್ಮ ಮಾಂಸ ಬಿಟ್ಟರು,
ಹದಿನಾಲ್ಕು ಮೈಲಿ ಹೋಗಿ ಕೆಟ್ಟ ಸಾಸೇಜು ತಿಂದರು.
ಅಪ್ಪನನ್ನು ಮಣ್ಣು ಮಾಡಿದ ದಿನ ಮಾತ್ರ ಬಂದರು,
ಓರನ್ ಡೆವೆನಿ ಹೆಗಲು ಕೊಟ್ಟ,
ಬಾಯಿ ಮುಚ್ಚಿಕೊಂಡೇ.

ನಾನು ನಿಂತದ್ದು ಅಪ್ಪನಿಗಿಂತ ದೂರ.
ನನಗೆ ಕೇಳಿಸಿತ್ತು.

ಈಗ ಕೋಟು ನನ್ನ ಮೈಮೇಲೆ.
ಶುಕ್ರವಾರ ಸಂಜೆ ಫಿಯಾಕ್ರ ಲಾವೆಲ್ ಬರುತ್ತಾನೆ,
ಬೊಕ್ಕತಲೆ, ಎರಡು ಚಾಪ್ಸು, ಒಬ್ಬನಿಗೇ.
ತಕ್ಕಡಿ ನೋಡುವುದಿಲ್ಲ, ಕೋಟು ನೋಡುತ್ತಾನೆ.
'ಇವತ್ತು ಗಾಳಿ' ಎನ್ನುತ್ತಾನೆ.
'ಹೌದು' ಎನ್ನುತ್ತೇನೆ,
ಒಂದು ಸಾಸೇಜು ಹೆಚ್ಚಿಗೆ ಹಾಕಿ
ಕಾಗದ ಮಡಿಸುತ್ತೇನೆ.